ಕಾಯಿಸದ ಹಾಲು

೨೧ ನವೆಂಬರ್ ೨೦೧೧, ಸೋಮವಾರ

ತೂಕ ಎಪ್ಪತ್ತೊಂದು ಕೆ.ಜಿ. ತೋಳು ಹದಿನೈದೂ ಕಾಲು ಇಂಚು. ಎದೆ ನಲವತ್ತೊಂದು.

ಇನ್ನು ಮೇಲೆ ಇದನ್ನೆಲ್ಲ ಬರೆದಿಡಬೇಕಂತೆ. ಜಿಮ್ಮಿನ ಚಿರಂಜೀವಿಯ ಅಪ್ಪಣೆ. ಫೆಬ್ರವರಿ ಹನ್ನೆರಡಕ್ಕೆ ‘ಪೀಣ್ಯ ಶ್ರೀ’ ದೇಹದಾರ್ಢ್ಯ ಸ್ಪರ್ಧೆ. ಎಪ್ಪತ್ತೈದು ಕೆ.ಜಿ. ವಿಭಾಗದಲ್ಲಿ ನನ್ನನ್ನು ನಿಲ್ಲಿಸುತ್ತಾನೆ. ಎರಡು ವರ್ಷದ ಹಿಂದೆ ಬಾದಾಮಿ ಕಡೆಯಿಂದ ಬಂದು ಇಲ್ಲಿ ತಗಡು ಒತ್ತುವ ಪ್ರೆಸ್ ಶಾಪು ಸೇರಿದಾಗ ನಾನು ಐವತ್ತೆಂಟು ಕೆ.ಜಿ. ನನ್ನ ಮೈಮೇಲೆ ಶರ್ಟು ಹ್ಯಾಂಗರಿಗೆ ಹಾಕಿದ ಹಾಗೆ ಕಾಣುತ್ತಿತ್ತು. ಈಗ ಫೋರ್‌ಮನ್ ಕೂಡ ನನಗೆ ದಾರಿ ಬಿಟ್ಟು ನಡೆಯುತ್ತಾನೆ.

ಇದೆಲ್ಲ ಹಾಲಿನ ಮಹಿಮೆ. ಡಬ್ಬಿಯ ಪ್ರೋಟೀನ್ ಪೌಡರು ವೈಟ್‌ಫೀಲ್ಡಿನ ಸಾಹೇಬರಿಗೆ, ನಮಗೆ ಶೇಂಗಾ, ಮೊಟ್ಟೆ, ಹಾಲು. ನಾವು ಬಾಡಿಗೆಗಿರುವುದು ಗೋಪಾಲಪ್ಪನವರ ಕಟ್ಟಡದಲ್ಲಿ. ಅವರ ಹೊಲವೆಲ್ಲ ಫ್ಯಾಕ್ಟರಿಗಳಾಗಿ ಹೋಗಿ ಎಷ್ಟೋ ಕಾಲವಾಯಿತು, ಆದರೆ ಹಸು ಬಿಟ್ಟಿಲ್ಲ. ಕೆಳಗೆ ನಮ್ಮಂಥವರ ರೂಮುಗಳು, ಮಹಡಿಯ ಮೇಲೆ ಮಗ ಚಿರಂಜೀವಿಯ ಜಿಮ್ಮು, ಹಿಂದೆ ಐದು ಹಸುಗಳ ಕೊಟ್ಟಿಗೆ. ಬೆಳಿಗ್ಗೆ ಆರಕ್ಕೆ ಜಿಮ್ಮಿನ ಹುಡುಗರೆಲ್ಲ ಸ್ಟೀಲ್ ಚೊಂಬು ಹಿಡಿದು ಕೊಟ್ಟಿಗೆಯ ಮುಂದೆ ಸಾಲು ನಿಲ್ಲುತ್ತೇವೆ. ಗೋಪಾಲಪ್ಪನವರ ಹೆಂಡತಿ ವೆಂಕಟಮ್ಮ ಕೆಚ್ಚಲಿನಿಂದ ನೇರ ಚೊಂಬಿಗೇ ಕರೆಯುತ್ತಾಳೆ, ಸೊಸೆ ಕೃಪಾ ಎತ್ತಿ ನಮ್ಮ ಕೈಗೆ ಕೊಡುತ್ತಾಳೆ. ನೊರೆ ಇಳಿಯುವ ಮೊದಲು ಅಲ್ಲೇ ನಿಂತು ಕುಡಿದು ಮುಗಿಸಬೇಕು. ಕಾಯಿಸಿದರೆ ಸತ್ವ ಹೋಯಿತು ಎಂಬುದು ವೆಂಕಟಮ್ಮನ ಕಾನೂನು. ನಾನು ಒಂದೂವರೆ ಲೀಟರಿನವನು, ಆ ಸಾಲಿನಲ್ಲಿ ನನ್ನದೇ ದೊಡ್ಡ ಚೊಂಬು.

೨೭ ನವೆಂಬರ್, ಭಾನುವಾರ

ಇವತ್ತು ಹಾಲು ತಡವಾಯಿತು. ಗೌರಿ ಎಂಬ ಹಸು ಕಂದು ಹಾಕಿತ್ತು. ಏಳೇ ತಿಂಗಳಿಗೆ ಹೊರಬಿದ್ದ ಕರು, ಮೈಮೇಲೆ ಇನ್ನೂ ಕೂದಲು ಕೂಡ ಸರಿಯಾಗಿ ಬಂದಿರಲಿಲ್ಲ. ವೆಂಕಟಮ್ಮ ಹಣೆ ಚಚ್ಚಿಕೊಂಡಳು. ಸತ್ತ ಕರುವನ್ನು ಎತ್ತಲು ಯಾರಿಗೂ ಮನಸ್ಸಿಲ್ಲ. ನಾನು ಹೋಗಿ ಎರಡೂ ಕೈಯಲ್ಲಿ ಎದೆಗಾನಿಸಿ ಎತ್ತಿಕೊಂಡು ಹಿಂದಿನ ಖಾಲಿ ಸೈಟಿನಲ್ಲಿ ಹೂತು ಬಂದೆ. ಕೃಪಾ ಬರಿಗೈಯಲ್ಲೇ ಮಾಸು ತೆಗೆದು, ಕೊಟ್ಟಿಗೆ ತೊಳೆದು, ಆಮೇಲೆ ನಮಗೆ ಹಾಲು ಕೊಟ್ಟಳು.

ಸಾಲಿನಲ್ಲಿ ಗುಸುಗುಸು. ಸೆಪ್ಟೆಂಬರಿನಲ್ಲಿ ಕೃಪಾಳ ಹೊಟ್ಟೆಯಲ್ಲಿದ್ದದ್ದೂ ಐದನೇ ತಿಂಗಳಿಗೆ ಹೋಗಿತ್ತು. ಮದುವೆಯಾಗಿ ನಾಲ್ಕು ವರ್ಷ, ಇದು ಮೂರನೆಯದು. ಪಕ್ಕದ ಮನೆಯ ಮಾರಕ್ಕ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಆ ಎಣ್ಣಿನ ಕೈ ಸರಿ ಇಲ್ಲ ಕಣ್ರೋ. ಅವ್ಳದೂ ನಿಲ್ಲಕಿಲ್ಲ, ಈಗ ಅಸೀನ್ದೂ ನಿಲ್ಲಕಿಲ್ಲ.”

ಇರಬಹುದು. ನನಗೇಕೆ ಆ ಉಸಾಬರಿ. ಹಾಲು ಮಾತ್ರ ಇವತ್ತು ಅರ್ಧ ಲೀಟರು ಕಡಿಮೆಯಾಯಿತು, ಅದೇ ಬೇಜಾರು.

೬ ಡಿಸೆಂಬರ್, ಮಂಗಳವಾರ

ತೂಕ ಎಪ್ಪತ್ತೆರಡೂವರೆ! ತೋಳು ಹದಿನೈದೂವರೆ.

ಈಗ ದಿನಕ್ಕೆ ಮೂರು ಲೀಟರು. ಬೆಳಿಗ್ಗೆ ಒಂದೂವರೆ, ಸಂಜೆ ಒಂದೂವರೆ. ಹೊಟ್ಟೆ ಸ್ವಲ್ಪ ಗುಡುಗುಡು ಅನ್ನುತ್ತದೆ. ನನ್ನ ರೂಮಿನಲ್ಲೇ ಇರುವ ಬಸಲಿಂಗನಿಗೆ ಅದೇ ದೊಡ್ಡ ದೂರು. ಅವನೂ ನಮ್ಮ ಕಡೆಯವನೇ, ಪಕ್ಕದ ಶೆಡ್ಡಿನಲ್ಲಿ ವೆಲ್ಡರ್.

“ನಿನ್ನ ಹೊಟ್ಟ್ಯಾಗ ಸಿಡ್ಲು ಹೊಡಿಯಾಕತೈತಲೋ ಹಣಮ್ಯಾ. ನಮ್ಮವ್ವ ಒಂದ್ ಗುಟುಕ್ ಹಾಲಾದ್ರೂ ಕಾಸಿ ಕೊಡ್ತಿದ್ಲು. ನೀ ಏನ್ ಕರುವೇನು?”

“ಕಾಸಿದ್ರ ತಾಕತ್ ಹೋಗತೈತಿ. ನಿನಗೇನ್ ಗೊತ್ತು? ಆರಿಂಚ್ ತೋಳ್ ಇಟ್ಕೊಂಡ್ ನನಗ ಬುದ್ಧಿ ಹೇಳ್ತಿ,” ಅಂದೆ.

ಮೋರೆ ಕೆಳಗೆ ಹಾಕಿಕೊಂಡು ಮಲಗಿದ. ಹೊಟ್ಟೆಕಿಚ್ಚು.

೨೪ ಡಿಸೆಂಬರ್, ಶನಿವಾರ

ನಿನ್ನೆಯಿಂದ ಸಂಜೆಯಾದರೆ ಮೈ ಬಿಸಿ, ಬೆಳಿಗ್ಗೆ ಏನೂ ಇಲ್ಲ. ಸ್ನಾಯು ಬೆಳೆಯುವಾಗ ಹಾಗಾಗುತ್ತದೆ ಅಂತ ಚಿರಂಜೀವಿ ಹೇಳಿದ. ಕಾಲಿನ ವ್ಯಾಯಾಮ ಅತಿಯಾಗಿರಬೇಕು.

೩ ಜನವರಿ ೨೦೧೨, ಮಂಗಳವಾರ

ತೂಕ ಎಪ್ಪತ್ತು. ತಕ್ಕಡಿ ಕೆಟ್ಟಿದೆ ಅಂತ ಮಾರ್ಕೆಟ್ಟಿನ ತಕ್ಕಡಿಯಲ್ಲೂ ನೋಡಿದೆ. ಅದೂ ಎಪ್ಪತ್ತು ಅಂದಿತು.

ಬೆಳಿಗ್ಗೆ ಏಳುವಷ್ಟರಲ್ಲಿ ಚಾಪೆ ಒದ್ದೆ. ಬೆವರಿಗೆ ಹಸಿ ಹುಲ್ಲಿನಂಥ ವಾಸನೆ. ಸೊಂಟ ಹಿಡಿದುಕೊಂಡಿದೆ. ಪ್ರೆಸ್ಸಿನ ಪೆಡಲ್ ತುಳಿಯುವಾಗ ಒಮ್ಮೆ “ಅಯ್ಯೋ” ಅಂದುಬಿಟ್ಟೆ. ಫೋರ್‌ಮನ್ ನಕ್ಕ.

೧೦ ಜನವರಿ, ಮಂಗಳವಾರ

ತೂಕ ಅರವತ್ತೊಂಬತ್ತು. ತೋಳು ಅಳೆಯಲಿಲ್ಲ.

ಗಲ್ಲಿಯ ಕ್ಲಿನಿಕ್ಕಿನವರು ವೈರಲ್ ಅಂದು ಮಾತ್ರೆ ಕೊಟ್ಟರು. ಮಾತ್ರೆ ಮುಗಿಯಿತು, ಜ್ವರ ಮುಗಿಯಲಿಲ್ಲ. ಚಿರಂಜೀವಿ ನನ್ನ ಭುಜ ಒತ್ತಿ ನೋಡಿದ.

“ಏನ್ ಗುರು, ಸೊರಗ್ಬಿಟ್ಟಿದ್ದೀಯ? ಹಾಲು ಇನ್ನೊಂದ್ ಲೀಟರ್ ಜಾಸ್ತಿ ಮಾಡು. ಒಂದ್ ತಿಂಗಳೈತೆ ಅಷ್ಟೇ ಮಗಾ.”

ಜಾಸ್ತಿ ಮಾಡಿದೆ. ಇವತ್ತು ಚೊಂಬು ಕೊಡುವಾಗ ಕೃಪಾ ನನ್ನ ಮುಖ ನೋಡಿ, “ಅಣ್ಣ, ಹುಷಾರಿಲ್ವಾ? ನಂಗೂ ಸಂಜೆ ಹೊತ್ತು ಮೈ ಬೆಚ್ಚಗಾಗುತ್ತೆ. ಹವಾನೇ ಸರಿ ಇಲ್ಲ,” ಅಂದಳು. ಅವಳಿಗೆ ಹೂಂ ಅಂದು ಗಟಗಟ ಕುಡಿದೆ.

ಹುಡುಗರು ಮಾತಾಡಿಕೊಳ್ಳುತ್ತಿದ್ದರು. ಚಿರಂಜೀವಿಗೆ ನೆಲಮಂಗಲದ ಕಡೆ ಬೇರೆ ಹೆಣ್ಣು ನೋಡಿದ್ದಾರಂತೆ. ಫೆಬ್ರವರಿ ಹತ್ತಕ್ಕೆ ಕೃಪಾಳ ಅಪ್ಪನನ್ನು ಮಾಗಡಿಯಿಂದ ಕರೆಸಿ, ಹಿರಿಯರ ಮುಂದೆ ಕೂರಿಸಿ, ಮಗಳನ್ನು ಕರೆದುಕೊಂಡು ಹೋಗಿ ಅಂತ ಹೇಳಿಸುತ್ತಾರಂತೆ. ರೂಮಿಗೆ ಬಂದು ಇದನ್ನು ಹೇಳಿದರೆ ಬಸಲಿಂಗ ರೇಗಿದ: “ಹಾಲು ಕೊಡಾಕ್ ಬೇಕು, ಸಗಣಿ ಬಾಚಾಕ್ ಬೇಕು, ಹೆಂಡ್ತಿ ಮಾತ್ರ ಬ್ಯಾಡೇನು?” ನನಗೆ ಜಗಳ ಆಡುವಷ್ಟೂ ಶಕ್ತಿ ಇರಲಿಲ್ಲ.

೧೮ ಜನವರಿ, ಬುಧವಾರ

ಊತ ಬಂದಿದೆ. ಎಲ್ಲಿ ಅಂತ ಇಲ್ಲಿಯೂ ಬರೆಯಲಾರೆ. ನಡೆಯುವಾಗ ಕಾಲು ಅಗಲಿಸಿ ನಡೆಯಬೇಕು. ಜಿಮ್ಮಿಗೆ ಹೋಗಲಿಲ್ಲ. ಬಸಲಿಂಗನಿಗೆ ಬೆನ್ನು ನೋವು ಅಂದಿದ್ದೇನೆ.

೨೩ ಜನವರಿ, ಸೋಮವಾರ

ಬಸಲಿಂಗನಿಗೆ ಗೊತ್ತಾಗಿಹೋಯಿತು. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. “ಗಂಡಸ್ತನ ಸುಡ್ಲಿ, ಮೊದಲ ದವಾಖಾನಿಗೆ ನಡಿ,” ಅಂತ ರಜೆ ಹಾಕಿಸಿ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದ.

ಅಲ್ಲಿ ಡಾಕ್ಟರ್ ನೀಲಾಂಬಿಕಾ ಅಂತ, ನಮ್ಮ ಬಾಗಲಕೋಟೆ ಕಡೆಯವರೇ. ಹೆಣ್ಣು ಡಾಕ್ಟರ ಮುಂದೆ ಹೇಳುವುದು ಹೇಗೆ ಅಂತ ನಾನು ಬೆವರಿದೆ. ಅವರು ಮಾತ್ರ ಕಿವಿ ನೋವಿನ ವಿಷಯ ಕೇಳುವ ಹಾಗೆ ಎಲ್ಲ ಕೇಳಿದರು. ಆಮೇಲೆ, “ದನಾ ಕಾಯೋ ಕೆಲಸ ಏನಪಾ ನಿಂದು?” ಅಂದರು. ಅಲ್ಲ, ಪ್ರೆಸ್ ಶಾಪು ಅಂದೆ. “ಹಂಗಾದ್ರ ಹಸಿ ಹಾಲು ಕುಡೀತಿ?” ಅಂದರು.

ಎಷ್ಟು ಅಂತ ಹೇಳಿದೆ. ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಪರೀಕ್ಷೆಗೆ ಎರಡು ಸಣ್ಣ ಶೀಶೆ ರಕ್ತ ತೆಗೆಸಿದರು.

೩೧ ಜನವರಿ, ಮಂಗಳವಾರ

ರಿಪೋರ್ಟು ಬಂತು. ವೈರಲ್ ಜ್ವರವಲ್ಲ.

ನನ್ನ ರಕ್ತದಲ್ಲಿರುವುದು ಹಸುವಿನ ರೋಗ. ಬ್ರುಸೆಲ್ಲೋಸಿಸ್ ಅಂತ ಹೆಸರಂತೆ. ದನದ ಡಾಕ್ಟರುಗಳು ಕಂದು ರೋಗ ಅನ್ನುತ್ತಾರಂತೆ. ಹಸು ನೋಡಲು ಚೆನ್ನಾಗಿಯೇ ಇರುತ್ತದೆ, ಮೇಯುತ್ತದೆ, ಕರೆಯುತ್ತದೆ, ಆದರೆ ಗಬ್ಬ ನಿಲ್ಲುವುದಿಲ್ಲ. ಹಾಲಿನಲ್ಲಿ ಆ ಕ್ರಿಮಿ ಇರುತ್ತದೆ. ಸತ್ತ ಕರುವಿನಲ್ಲಿ, ಮಾಸಿನಲ್ಲಿ ಇನ್ನೂ ಹೆಚ್ಚು. ನಾನು ಆ ಕರುವನ್ನು ಎದೆಗಾನಿಸಿಕೊಂಡು ಎತ್ತಿದ್ದೆ.

ಡಾಕ್ಟರು ಅಂದರು: “ಹಾಲು ಬಿಡಬ್ಯಾಡಪಾ. ಮೈ ಕಟ್ಟೋರಿಗೆ ಹಾಲು ಒಳ್ಳೇದ. ಆದ್ರ ಉಕ್ಕಿಸಿ ಕುಡಿ. ಕಾಸಿದ್ರ ಸತ್ವ ಹೋಗತೈತಿ ಅಂದವರ್ಯಾರು? ಮಾಂಸಖಂಡ ಬೆಳಸೂದು ಎಲ್ಲಾ ಹಂಗ ಇರತೈತಿ. ಹೋಗೂದು ಕ್ರಿಮಿ.” ಇಷ್ಟೇನಾ? ಒಂದು ಕುದಿ! ಒಲೆ ಹಚ್ಚಿ ಐದು ನಿಮಿಷ ನಿಂತಿದ್ದರೆ ಸಾಕಾಗಿತ್ತು. ಎರಡು ವರ್ಷ ನಾನು ಆ ಐದು ನಿಮಿಷಕ್ಕೆ ನಗುತ್ತಿದ್ದೆ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. “ಆ ಮನ್ಯಾಗ ಬಸರಾದ ಹೆಣಮಕ್ಕಳು ಯಾರರ ಅದಾರೇನು? ಅವರಿಗೆ ಭಾಳ ಹುಷಾರಿ ಬೇಕು. ಈ ರೋಗ ಇದ್ದರ ಬಸಿರು ಇಳಿಯೂದೂ ಉಂಟು,” ಅಂದರು ಡಾಕ್ಟರು.

ಆ ಮನೆಯ ಸೊಸೆಗೆ ಮೂರು ಸಲ ಹೋಗಿದೆ ಅಂದೆ. ಅವಳೇ ಕೊಟ್ಟಿಗೆ ನೋಡುತ್ತಾಳೆ, ಅವಳಿಗೂ ಸಂಜೆ ಮೈ ಬಿಸಿಯಾಗುತ್ತದೆ ಅಂದೆ.

ಡಾಕ್ಟರು ಬರೆಯುತ್ತಿದ್ದ ಚೀಟಿ ಪಕ್ಕಕ್ಕಿಟ್ಟರು. “ಇದರಿಂದನ ಅಂತ ಪರೀಕ್ಷೆ ಮಾಡದ ಹೇಳಾಕ್ ಬರೂದಿಲ್ಲ. ಆಕೀನ ಕರ್ಕೊಂಡ್ ಬಾ. ಇದ್ದರ ವಾಸಿ ಆಗತೈತಿ. ವಾಸಿ ಆದ ಮ್ಯಾಲ ಮಕ್ಕಳೂ ಆಗ್ತಾವು.”

ವಾಸಿ ಆಗುತ್ತದೆ. ಬಸ್ಸಿನಲ್ಲಿ ಬರುವಾಗ ಬಸಲಿಂಗ ಏನೇನೋ ಹೇಳುತ್ತಿದ್ದ, ನನಗೆ ಅದೊಂದೇ ಕೇಳಿಸುತ್ತಿತ್ತು. ದಿನಕ್ಕೆ ಮೂರು ನಾಲ್ಕು ಲೀಟರು ಹಾಲು ಅವಳ ಕೈಯಿಂದಲೇ ಇಸಕೊಂಡು ಕುಡಿದು, ಅವಳ ಕೈ ಸರಿ ಇಲ್ಲ ಅನ್ನುವ ಮಾತಿಗೆ “ಇರಬಹುದು” ಅಂತ ಬರೆದಿದ್ದೇನೆ. ಹಾಳೆ ತಿರುವಿ ನೋಡಿದೆ. ಹೌದು, ನನ್ನದೇ ಅಕ್ಷರ.

೧ ಫೆಬ್ರವರಿ, ಬುಧವಾರ

ಇಂಜೆಕ್ಷನ್ ಶುರು. ಆರು ವಾರ ಮಾತ್ರೆ.

ಬೆಳಿಗ್ಗೆ ಸಾಲು ಎಂದಿನಂತೆ ನಿಂತಿತ್ತು. ಕಿಟಕಿಯಿಂದ ನೋಡಿದೆ. ಹೇಳಲಿಲ್ಲ.

೪ ಫೆಬ್ರವರಿ, ಶನಿವಾರ

ಚಿರಂಜೀವಿಗೆ ಹೇಳಿದೆ. ಜಿಮ್ಮಿನಲ್ಲಿ ಅವನೊಬ್ಬನೇ ಇದ್ದ, ಸ್ಪರ್ಧೆಯ ಪೋಸ್ಟರಿಗೆ ಅಂಟು ಹಚ್ಚುತ್ತಿದ್ದ. ರಿಪೋರ್ಟು ತೋರಿಸಿದೆ. ಕೃಪಾಳ ವಿಷಯವನ್ನೂ ಡಾಕ್ಟರು ಹೇಳಿದ ಹಾಗೆಯೇ ಹೇಳಿದೆ. ಕುಣಿದಾಡುತ್ತಾನೆ ಅಂದುಕೊಂಡಿದ್ದೆ. ಹೆಂಡತಿಯ ತಪ್ಪಲ್ಲ ಅಂತ ತಿಳಿದರೆ ಯಾವ ಗಂಡನಿಗೆ ಸಂತೋಷವಾಗುವುದಿಲ್ಲ?

ಅವನು ರಿಪೋರ್ಟು ಮಡಿಸಿ ನನ್ನ ಜೇಬಿಗೇ ತುರುಕಿದ.

“ಮುಂದಿನ ಭಾನುವಾರ ಸ್ಪರ್ಧೆ ಮುಗೀಲಿ ಗುರು. ಈಗ ಇದನ್ನ ಬಾಯ್ಬಿಟ್ರೆ ಇಡೀ ಜಿಮ್ ಖಾಲಿ ಆಗೋಗುತ್ತೆ. ಅಮ್ಮ ಹಾಲು ಮಾರಕ್ಕಾಗ್ದೆ ಗೋಳಾಡ್ತಾಳೆ.”

“ಕೃಪಾ ಅಕ್ಕಂದು? ಶುಕ್ರವಾರನ ಕಳಸ್ತೀರಿ ಅಂತಲ್ರಿ?”

“ಅದು ನಮ್ಮನೆ ವಿಷ್ಯ. ನೆಲಮಂಗಲದೋರ್ಗೆ ಮಾತು ಕೊಟ್ಟಾಗೋಗಿದೆ. ನೀನು ರೂಮಲ್ಲಿ ಇರ್ಬೇಕು ಅಂತಿದ್ರೆ ಸುಮ್ನಿರು.”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇವನನ್ನು ನಾನು ಎರಡು ವರ್ಷ ಗುರು ಅಂತ ಕಾಲು ಮುಟ್ಟಿದ್ದೇನೆ. ಅದಕ್ಕಿಂತ ನಾಚಿಕೆಗೇಡು, ನಾನೂ ಆಯಿತು ಅಂದೆ. ಮೆಟ್ಟಿಲಿಳಿಯುವಾಗ ಮಾತ್ರ ಹಸಿ ಹಾಲು ಕುಡಿಯಬೇಡಿ, ಕಾಯಿಸಿ ಅಂತ ಇಬ್ಬರು ಹುಡುಗರಿಗೆ ಹೇಳಿದೆ. ಅವರು ನನ್ನ ತೋಳು ನೋಡಿ ನಕ್ಕರು.

೮ ಫೆಬ್ರವರಿ, ಬುಧವಾರ

ಜ್ವರ ಇಳಿದಿದೆ. ನಲ್ಲಿಯ ಹತ್ತಿರ ಕೃಪಾ ಚೊಂಬುಗಳನ್ನು ಬೆಳಗುತ್ತಿದ್ದಳು.

“ಅಣ್ಣ, ಹಾಲಿಗೆ ಬರ್ತಾನೇ ಇಲ್ವಲ್ಲ,” ಅಂದಳು. ನಾನು ಡಾಕ್ಟರು ಬೇಡ ಅಂದಿದ್ದಾರೆ ಅಂದೆ.

“ಶುಕ್ರವಾರ ಅಪ್ಪ ಬರ್ತಾರೆ. ಸಣ್ಣ ಪೆಟ್ಟಿಗೆ ಒಂದೇ ತಗೊಂಡ್ ಹೋಗ್ತೀನಿ, ಸಾಕು. ಗೌರಿ ಮಾತ್ರ ನಾನು ಪಕ್ಕದಲ್ಲಿ ನಿಲ್ಲದೆ ಹಾಲು ಕೊಡಲ್ಲ, ಅತ್ತೆಗೆ ಕಷ್ಟ ಆಗುತ್ತೆ,” ಅಂದಳು.

ಹೋಗುವವಳು ಹಸುವಿನ ಚಿಂತೆ ಮಾಡುತ್ತಿದ್ದಳು. ರಿಪೋರ್ಟು ನನ್ನ ಜೇಬಿನಲ್ಲೇ ಇತ್ತು. ನಾನು ಕೈಕಾಲು ತೊಳೆದು ಬಂದುಬಿಟ್ಟೆ. ಥೂ ನನ್ನ ಜನ್ಮಕ್ಕೆ.

೧೦ ಫೆಬ್ರವರಿ, ಶುಕ್ರವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಹತ್ತಕ್ಕೆ ಗೋಪಾಲಪ್ಪನವರ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಊರಿನ ಇಬ್ಬರು ಹಿರಿಯರು, ಮಾಗಡಿಯಿಂದ ಬಂದ ಕೃಪಾಳ ಅಪ್ಪ, ಒಂದು ಮೂಲೆಯಲ್ಲಿ ಚಿರಂಜೀವಿ. ಬಾಗಿಲಿನ ಹಿಂದೆ ಕೃಪಾ, ಅವಳ ಪಕ್ಕದಲ್ಲಿ ಸಣ್ಣ ಪೆಟ್ಟಿಗೆ. ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ, “ನಮ್ಮುಡುಗಿ ಅಣೇಬರ, ನಾನೇನೇಳ್ಲಿ,” ಅನ್ನುತ್ತಿದ್ದ. ಅದು ಕಿಟಕಿಯ ಹೊರಗೆ ನಿಂತಿದ್ದ ನನ್ನ ಕಿವಿಗೆ ಬಿತ್ತು. ಹೇಗೆ ಒಳಗೆ ನುಗ್ಗಿದೆನೋ ಗೊತ್ತಿಲ್ಲ. ಚಪ್ಪಲಿ ಬಿಡುವುದೂ ಮರೆತಿತ್ತು.

“ಆಕೀ ಹಣೆಬರಹ ಅಲ್ರಿ, ಹಾಲಿಂದು,” ಅಂದೆ.

ಗೋಪಾಲಪ್ಪ ಸಿಟ್ಟಾಗಲಿಲ್ಲ, ಹುಚ್ಚನನ್ನು ನೋಡುವ ಹಾಗೆ ನೋಡಿದರು. “ಜ್ವರ ಬಂದ್ರೆ ಅದ್ಕೆ ಆಲೇನ್ ಮಾಡ್ತದಪ್ಪ? ಎಲ್ಲಾರ್ಗೂ ಬತ್ತದೆ ಜ್ವರ.”

ಬರಿಯ ಜ್ವರವಲ್ಲ ಅಂತ ನಂಬಿಸಬೇಕಿತ್ತು. ಎಪ್ಪತ್ತೆರಡೂವರೆ ಕೆ.ಜಿ. ತೂಗುತ್ತಿದ್ದ ಹಣಮಂತ ಅಷ್ಟು ಜನರ ಎದುರು, ಹೆಂಗಸರ ಎದುರು, ತನಗೆ ಎಲ್ಲಿ ಊತ ಬಂದಿತ್ತು ಅಂತ ಬಾಯಿಬಿಟ್ಟು ಹೇಳಿದ. ಒಬ್ಬ ಹಿರಿಯ ಕಿಸಕ್ಕನೆ ನಕ್ಕ. ನಗಲಿ. ರಿಪೋರ್ಟು ಚಾಪೆಯ ಮೇಲಿಟ್ಟೆ. ಕಂದು ರೋಗ, ಅದು ಹಸುವಿನಿಂದ ಮನುಷ್ಯರಿಗೆ ಬರುತ್ತದೆ, ಬಸಿರು ನಿಲ್ಲದಿರಲು ಅದೂ ಕಾರಣವಿರಬಹುದು, ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಮಾತ್ರೆಗೆ ವಾಸಿಯಾಗುತ್ತದೆ. ಒಂದೇ ಉಸಿರಿಗೆ ಹೇಳಿದೆ.

ವೆಂಕಟಮ್ಮ ಎದ್ದು ಬಂದು ನನ್ನ ಅಂಗಿ ಹಿಡಿದಳು. “ನನ್ ಅಸೀಗೆ ರೋಗ ಅಂತೀಯೇನೋ? ಇದೇ ಕೊಟ್ಗೇಲಿ ಮೂವತ್ತೈದ್ ವರ್ಸದಿಂದ ಆಲು ಕರೀತಿವ್ನಿ. ನಾನೇನ್ ಸತ್ತೋದ್ನಾ? ನನ್ ಆಲು ಕುಡ್ದು ಮೈ ಬೆಳ್ಸಿ, ನಮ್ಮನೆಗೇ ಮಣ್ಣಾಕ್ತೀಯಾ?”

“ಚಿರಂಜೀವಿ ಅಣ್ಣಗ ಶನಿವಾರನ ಹೇಳೀನ್ರಿ. ಕೇಳ್ರಿ ಬೇಕಾದ್ರ.”

ಎಲ್ಲರೂ ಅವನ ಕಡೆ ತಿರುಗಿದರು. ಅವನು ಮೊಬೈಲು ನೋಡುತ್ತ ಕುಳಿತ. ವೆಂಕಟಮ್ಮನ ಕೈ ನನ್ನ ಅಂಗಿಯಿಂದ ತಾನಾಗಿ ಜಾರಿತು.

ಬಾಗಿಲಿನ ಹಿಂದಿನಿಂದ ಕೃಪಾ ಹೊರಗೆ ಬಂದಳು. ಮೊದಲು ಗಂಡನನ್ನು ನೋಡಿದಳು, ಆಮೇಲೆ ನನ್ನನ್ನು. “ಶನಿವಾರದಿಂದ ಇಬ್ರಿಗೂ ಗೊತ್ತಿತ್ತಾ?” ಅಂದಳು.

ನನಗೆ ಭೂಮಿಗಿಳಿಯುವ ಹಾಗಾಯಿತು. ಬುಧವಾರ ನಲ್ಲಿಯ ಹತ್ತಿರ ಇದೇ ಮುಖ ನೋಡಿ ನಾನು ಕೈಕಾಲು ತೊಳೆದಿದ್ದೆ.

ಅವಳು ಬಗ್ಗಿ ರಿಪೋರ್ಟು ಎತ್ತಿಕೊಂಡು, “ಅಪ್ಪ, ನಾನು ಈಗ ಬರಲ್ಲ. ಸೋಮವಾರ ಆಸ್ಪತ್ರೆಗೆ ಹೋಗ್ತೀನಿ. ಬರೋದೋ ಬಿಡೋದೋ ಆಮೇಲೆ ನಾನೇ ಹೇಳ್ತೀನಿ,” ಅಂದಳು. ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು.

ತಿಂಗಳ ಕೊನೆಗೆ ರೂಮು ಬಿಡಿ ಅಂತ ಗೋಪಾಲಪ್ಪ ಹೇಳಿ ಕಳಿಸಿದ್ದಾರೆ. ಬಸಲಿಂಗ ಆಗಲೇ ದಾಸರಹಳ್ಳಿಯಲ್ಲಿ ಒಂದು ರೂಮು ನೋಡಿ ಬಂದ.

೧೩ ಫೆಬ್ರವರಿ, ಸೋಮವಾರ

ನಿನ್ನೆ ಸ್ಪರ್ಧೆಯಿತ್ತಂತೆ. ಬಸಲಿಂಗ ಹೇಳಿದ ಮೇಲೆ ನೆನಪಾಯಿತು.

ನನ್ನ ಇಂಜೆಕ್ಷನ್ನೂ ಇತ್ತು, ಕೃಪಾಳಿಗೆ ಡಾಕ್ಟರ ಕೋಣೆ ತೋರಿಸಿದ ಹಾಗೂ ಆಯಿತು ಅಂತ ಬೆಳಿಗ್ಗೆ ಎಂಟಕ್ಕೆ ಬಸ್ ಸ್ಟಾಪಿಗೆ ಹೋದೆ. ಅಲ್ಲಿ ಕೃಪಾ ಒಬ್ಬಳೇ ಇರಲಿಲ್ಲ. ನಾಲ್ಕು ಮಾರು ದೂರದಲ್ಲಿ ವೆಂಕಟಮ್ಮ, ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ. ಯಾರೂ ಕರೆದಿರಲಿಲ್ಲವಂತೆ. ಬಸ್ಸಿನಲ್ಲೂ ಬೇರೆ ಸೀಟಿನಲ್ಲಿ ಕುಳಿತಳು. ಮೂರು ದಿನದಿಂದ ಆ ಮನೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡಿಲ್ಲ ಅಂತ ಕೃಪಾ ಹೇಳಿದಳು. ಹಾಲಿನ ಸಾಲನ್ನು ಮಾತ್ರ ಶನಿವಾರ ವೆಂಕಟಮ್ಮನೇ ಕೈಬೀಸಿ ವಾಪಸು ಕಳಿಸಿದಳಂತೆ.

ಡಾಕ್ಟರು ಕೃಪಾಳನ್ನು ವಿಚಾರಿಸಿ ಚೀಟಿ ಬರೆದರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ವೆಂಕಟಮ್ಮನನ್ನು ಕರೆದು, “ನೀವೂ ಹಾಲು ಕರೀತೀರಲ್ಲ, ನಿಮ್ದೂ ಒಂದು ಪರೀಕ್ಷೆ ಆಗ್ಲಿ. ಮಕ್ಕಳೆಷ್ಟಮ್ಮಾ?” ಅಂದರು.

“ಒಬ್ನೇ.”

“ಅವನ್ಗಿಂತ ಮುಂಚೆ?”

ವೆಂಕಟಮ್ಮ ಸೆರಗಿನ ತುದಿ ಹಿಂಡುತ್ತ ನಿಂತಳು.

“ನಾಕು ವೋದೋ ಕಣಮ್ಮ. ಎಲ್ಲಾ ಒಟ್ಟೇಲೇ. ನಮ್ಮತ್ತೆ ನನ್ನ ಎರಡ್ ಸಲ ತವರ್ಗೆ ಓಡ್ಸಿದ್ಲು. ಐದ್ನೇದಾದ್ರೂ ಉಳೀಲಿ ಅಂತ ಚಿರಂಜೀವಿ ಅಂತ ಎಸ್ರಿಟ್ಟೆ.” ಆಮೇಲೆ ಮೇಜಿನ ಮೇಲೆ ಕೈಯೂರಿ ಕೇಳಿದಳು: “ಅವೂ ಇದ್ರಿಂದ್ಲೇನಮ್ಮ?”

“ಈಗ ಹೇಳೋಕಾಗಲ್ಲಮ್ಮ,” ಅಂದರು ಡಾಕ್ಟರು. ನಿಧಾನವಾಗಿಯೇ ಅಂದರು.

ಮೂರು ಕಳೆದುಕೊಂಡವಳನ್ನು ಮನೆಯಿಂದ ಹೊರಗೆ ಹಾಕಲು ಚಾಪೆ ಹಾಸಿದವಳು ನಾಲ್ಕು ಕಳೆದುಕೊಂಡವಳು. ಕೃಪಾಳ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ನಾಲ್ಕು ವರ್ಷ ಒಂದೇ ಒಲೆಯ ಮುಂದೆ ಕೂತವರು, ಅವಳಿಗೂ ಇದು ಗೊತ್ತಿರಲಿಲ್ಲ.

ರಕ್ತ ಕೊಡುವ ಕೋಣೆಯ ಹೊರಗೆ ಬೆಂಚಿನ ಮೇಲೆ ಮೂವರೂ ಕುಳಿತೆವು. ವೆಂಕಟಮ್ಮ ಸರಿದು ಬಂದು ಸೊಸೆಯ ಕೈ ಹಿಡಿಯಲು ಹೋದಳು. ಕೃಪಾ ಕೈಯನ್ನು ಮಡಿಲಿಗೆ ತೆಗೆದುಕೊಂಡಳು.

“ಮಾರಕ್ಕಂಗೆ ಗೊತ್ತಿರ್ಲಿಲ್ಲ. ಊರೋರ್ಗೆ ಗೊತ್ತಿರ್ಲಿಲ್ಲ,” ಅಂದಳು. ಧ್ವನಿ ಏರಿಸಲಿಲ್ಲ. “ನಿಮ್ಗೆ ಗೊತ್ತಿತ್ತಲ್ಲ ಅತ್ತೆ, ಹೆಂಗಿರುತ್ತೆ ಅಂತ.”

ಒಳಗಿನಿಂದ ನರ್ಸು ಹೆಸರು ಕೂಗಿದಳು. ಕೃಪಾ ಎದ್ದು, ತೋಳಿನ ಮೇಲಿನ ಬಟ್ಟೆ ಸರಿಸಿಕೊಳ್ಳುತ್ತ ಒಬ್ಬಳೇ ಒಳಗೆ ಹೋದಳು.